ಟವರ್ ಸಿಯ ಮೇಲೆ ಅಸ್ತು ದೇವತೆಗಳು

ವೆಂಕಟಸುಬ್ಬಯ್ಯನವರು ದೇವತೆಗಳೊಂದಿಗೆ ವ್ಯವಹಾರ ಶುರುಮಾಡಿದ್ದಕ್ಕೆ ವೈರಾಗ್ಯ ಕಾರಣವಲ್ಲ, ಲಿಫ್ಟ್ ಕಾರಣ.

ದೆಹಲಿಯ ಅಂಚಿನಲ್ಲಿದ್ದರೂ ಉತ್ತರ ಪ್ರದೇಶಕ್ಕೆ ಸೇರಿದ ಇಂದಿರಾಪುರಂನ ಅವರ ಸೊಸೈಟಿಯಲ್ಲಿ ಟವರ್ ಸಿ ಎಂಬುದು ಹದಿನಾಲ್ಕು ಮಹಡಿಯ ಕಟ್ಟಡ. ಅದಕ್ಕೆ ಎರಡು ಲಿಫ್ಟ್. ಒಂದು ಯಾವಾಗ ಕೆಟ್ಟಿತೆಂದು ನೆನಪಿದ್ದವರು ಮನೆ ಮಾರಿ ಹೋಗಿದ್ದರು. ಇನ್ನೊಂದು ದಸರೆಯ ಮಾರನೆಯ ದಿನ ಕೆಟ್ಟಿತು. ಅದನ್ನು ಸೊಸೈಟಿಯ ಸೆಕ್ರೆಟರಿ ತ್ಯಾಗಿಯವರ ಭಾವಮೈದ ಬಂದು ರಿಪೇರಿ ಮಾಡಿದ. ಒಂಬತ್ತು ದಿನ ಓಡಿತು. ಹತ್ತನೆಯ ದಿನ ಬಾಗಿಲಿಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ಕೆಲಸ ಪ್ರಗತಿಯಲ್ಲಿದೆ ಎಂಬ ಹಿಂದಿ ಫಲಕ ಇಡಲಾಯಿತು. ಕುರ್ಚಿ ಬಿಸಿಲು ಬಂದ ಕಡೆಗೆ ದಿನಕ್ಕೆರಡು ಸಲ ಸರಿಯುತ್ತಿತ್ತು. ಪ್ರಗತಿ ಅಷ್ಟೇ.

ವೆಂಕಟಸುಬ್ಬಯ್ಯನವರ ಮನೆ ಎಂಟನೆಯ ಮಹಡಿಯಲ್ಲಿ. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರಾಗಿದ್ದ ಅವರು ಮೂವತ್ತು ವರ್ಷಗಳಲ್ಲಿ ಯಾರಿಗೂ ಎದುರಾಡಿದವರಲ್ಲ. ಅಭಿಪ್ರಾಯವೇನಾದರೂ ಹುಟ್ಟಿದರೆ ಫೈಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಮೇಲಕ್ಕೆ ಕಳಿಸುವುದು ಅವರ ಕ್ರಮ. ಮೇಲಿನವರು ರಬ್ಬರಿನಿಂದ ಅಳಿಸುವುದು ಅವರವರ ಕ್ರಮ.

ತಾಯಿ ಶಾರದಮ್ಮನವರಿಗೆ ಎಪ್ಪತ್ತೊಂಬತ್ತು. ಅವರ ಮೊಣಕಾಲುಗಳಿಗೆ ಇನ್ನೂ ಹೆಚ್ಚು. ಲಿಫ್ಟ್ ಇದ್ದಾಗ ದಿನಾ ಸಂಜೆ ಐದಕ್ಕೆ ಕೆಳಗಿಳಿದು ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಅಲ್ಲಿಗೆ ಬೀಜಿ ಬರುತ್ತಿದ್ದರು. ಬೀಜಿ ಎಂದರೆ ಗ್ರೌಂಡ್ ಫ್ಲೋರಿನ ಮಿಸೆಸ್ ಅರೋರಾ ಅವರ ಅತ್ತೆ. ಬೀಜಿಗೆ ಪಂಜಾಬಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಶಾರದಮ್ಮನವರಿಗೆ ಕನ್ನಡ ಬಿಟ್ಟು ಬೇರೆ ಬೇಕಾಗಿರಲಿಲ್ಲ. ಆರು ವರ್ಷ ಇಬ್ಬರೂ ಸಕಲ ವಿಷಯಗಳನ್ನೂ ಚರ್ಚಿಸಿದ್ದರು. ಒಂದರಲ್ಲೂ ಭಿನ್ನಾಭಿಪ್ರಾಯ ಬಂದಿರಲಿಲ್ಲ.

ಲಿಫ್ಟ್ ನಿಂತ ಮೇಲೆ ಬೀಜಿ ಬೆಂಚಿನಿಂದ ಮೇಲಕ್ಕೆ ಕೈ ಬೀಸುತ್ತಿದ್ದರು, ಶಾರದಮ್ಮ ಬಾಲ್ಕನಿಯಿಂದ ಕೆಳಕ್ಕೆ. ನವೆಂಬರಿನ ಹೊಗೆ ಇಳಿದ ಮೇಲೆ ಒಬ್ಬರಿಗೊಬ್ಬರು ಕಾಣದಾದರು. ಆದರೂ ಶಾರದಮ್ಮ ಐದು ಗಂಟೆಗೆ ಸರಿಯಾಗಿ ಹೊಗೆಗೆ ಕೈ ಬೀಸಿ ಒಳಗೆ ಬರುತ್ತಿದ್ದರು.

ಹಾಗೆ ಒಳಗೆ ಬಂದ ಒಂದು ಸಂಜೆ, ದೇವರ ಗೂಡಿಗೆ ದೀಪ ಹಚ್ಚುತ್ತ ಅವರು ಹೇಳಿದರು:

"ಇನ್ನೇನು, ನನ್ನನ್ನ ನಾಲ್ಕು ಜನ ಹೊತ್ಕೊಂಡೇ ಕೆಳಗಿಳಿಸ್ಬೇಕು."

"ಅತ್ತೇ! ದೀಪ ಹಚ್ಚೋ ಹೊತ್ನಲ್ಲಿ ಎಂಥಾ ಮಾತು! ಬಿಡ್ತು ಅನ್ನಿ!" ಎಂದು ಸೊಸೆ ಶ್ರೀಲಕ್ಷ್ಮಿ ಅಡಿಗೆಮನೆಯಿಂದ ಕೂಗಿದರು.

"ಬಿಡ್ತು, ಬಿಡ್ತು," ಎಂದು ಶಾರದಮ್ಮ ಕೆನ್ನೆ ತಟ್ಟಿಕೊಂಡರು.

ದೆಹಲಿಯಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಗಾನವಿ ಫೋನಿನಿಂದ ತಲೆ ಎತ್ತಿದಳು. "ಅಜ್ಜೀ, ಈ ಬಿಡ್ತು ಅಂದ್ರೆ ಕ್ಯಾ? ಡಿಲೀಟ್ ಬಟನ್ ಥರಾನಾ?"

"ಸಂಜೆ ಹೊತ್ತು ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ ಪುಟ್ಟಿ. ಕೆಳಗೆ ಯಾರು ಏನಂದ್ರೂ 'ಅಸ್ತು' ಅಂದ್ಬಿಡ್ತಾರೆ, ಅದು ಹಾಗೇ ಆಗ್ಬಿಡತ್ತೆ. ಅದಕ್ಕೇ ಕೆಟ್ಟ ಮಾತು ಬಾಯಿಗೆ ಬಂದ್ರೆ ಆಡಿದವರೇ 'ಬಿಡ್ತು' ಅನ್ಬೇಕು. ಬೇರೆಯವರು ಅಂದ್ರೆ ನಡೆಯಲ್ಲ."

"ಯಾರು ಏನಂದ್ರೂ ಅಸ್ತು ಅಂತಾರಾ?" ವೆಂಕಟಸುಬ್ಬಯ್ಯ ಕೇಳಿದರು. "ವಿಚಾರಣೆ ಗಿಚಾರಣೆ ಏನೂ ಇಲ್ವಾ?"

"ಅವರಿಗೆಲ್ಲೋ ಪುರುಸೊತ್ತು?"

ವೆಂಕಟಸುಬ್ಬಯ್ಯನವರು ತಟ್ಟೆಯಲ್ಲಿದ್ದ ಅವಲಕ್ಕಿಯನ್ನು ಹಾಗೇ ಬಿಟ್ಟರು. ಏನನ್ನೂ ಓದದೆ, ಯಾವ ಪ್ರಶ್ನೆಯನ್ನೂ ಕೇಳದೆ, ಅದೇ ದಿನ ಮಂಜೂರು ಮಾಡುವ ಅಧಿಕಾರಿಗಾಗಿ ಅವರು ಮೂವತ್ತು ವರ್ಷದಿಂದ ಹುಡುಕುತ್ತಿದ್ದರು. ಆ ಅಧಿಕಾರಿ ತಮ್ಮ ಬಾಲ್ಕನಿಯ ಮೇಲೇ ದಿನಾ ಹಾದುಹೋಗುತ್ತಿದ್ದಾನೆ ಎಂಬುದನ್ನು ಅವರಿಗೆ ಆವರೆಗೆ ಯಾರೂ ಹೇಳಿರಲಿಲ್ಲ.

ರಜೆ ತುಂಬಿ ಹೋಗಿದ್ದು, ತೆಗೆದುಕೊಳ್ಳದಿದ್ದರೆ ವ್ಯರ್ಥವಾಗುವುದರಲ್ಲಿತ್ತು. ಮೂವತ್ತು ದಿನಕ್ಕೆ ಅರ್ಜಿ ಹಾಕಿ ಮರುದಿನವೇ ಮೆಟ್ರೋ ಹತ್ತಿ ಕರೋಲ್ ಬಾಗಿಗೆ ಹೋದರು. ಅಲ್ಲೊಂದು ಗಲ್ಲಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಅಂತರಿಕ್ಷದಲ್ಲಿ ಸಂಚರಿಸುವ ಅದೃಶ್ಯ ದೇವತೆಗಳ ಬಗ್ಗೆ ಒಂದು ಸಂಸ್ಕೃತ ಗ್ರಂಥ, ಹಿಂದಿ ಟೀಕೆಯ ಸಮೇತ, ಸಿಕ್ಕಿತು. ಮೊದಲ ಇಪ್ಪತ್ತು ಪುಟ ಇರಲಿಲ್ಲ. ಹಾಗಾಗಿ ಹೆಸರೂ ಇರಲಿಲ್ಲ, ಬರೆದವರೂ ಇರಲಿಲ್ಲ. ಅಪೌರುಷೇಯ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ.

"ಭಯ್ಯಾ, ಮೊದಲ ಇಪ್ಪತ್ತು ಪುಟ?" ಎಂದು ಕೇಳಿದರು. (ಹಿಂದಿಯವರ ಮಾತನ್ನು ಇಲ್ಲಿ ಅನುಕೂಲಕ್ಕಾಗಿ ಕನ್ನಡದಲ್ಲೇ ಕೊಟ್ಟಿದೆ. ಬೈಗುಳಗಳನ್ನು ಕೊಟ್ಟಿಲ್ಲ.)

"ಅಂಕಲ್‌ಜೀ, ಮೊದಲ ಇಪ್ಪತ್ತು ಪುಟದಲ್ಲಿ ಏನಿರುತ್ತೆ? ಅವರಿಗೆ ನಮಸ್ಕಾರ, ಇವರಿಗೆ ನಮಸ್ಕಾರ. ಅಸಲಿ ಮಾಲು ಆಮೇಲೆ."

ಇಪ್ಪತ್ತೊಂದನೆಯ ಪುಟ ಹೀಗೆ ಶುರುವಾಗುತ್ತಿತ್ತು: 'ಇದೊಂದನ್ನು ಪಾಲಿಸಿದವನಿಗೆ ಮುಂದಿನ ಅಧ್ಯಾಯಗಳ ಅಗತ್ಯವಿಲ್ಲ.' ಇದೊಂದು ಎಂದರೆ ಯಾವುದೊಂದು ಎಂಬುದು ಇಪ್ಪತ್ತನೆಯ ಪುಟದ ಜೊತೆ ಹೋಗಿತ್ತು. ವೆಂಕಟಸುಬ್ಬಯ್ಯನವರು ಮುಂದಿನ ಅಧ್ಯಾಯಗಳನ್ನು ಓದಿದರು. ಒಂಬತ್ತು ದಿನ ಓದಿ, ಸೂರ್ಯಾಸ್ತ, ಘಳಿಗೆ, ಗಾಜಿಯಾಬಾದಿನ ಅಕ್ಷಾಂಶ ಎಲ್ಲವನ್ನೂ ಕೂಡಿ ಕಳೆದು, ಇಂದಿರಾಪುರಂನ ಮೇಲೆ ದೇವತೆಗಳು ಹಾದುಹೋಗುವುದು ಸಂಜೆ ಐದು ಮೂವತ್ತನಾಲ್ಕರಿಂದ ಐದು ಮೂವತ್ತೆಂಟರವರೆಗೆ ಎಂದು ನಿರ್ಧರಿಸಿದರು.

"ನಾನು ಹೇಳ್ಲಿಲ್ವೇನೋ, ದೀಪ ಹಚ್ಚೋ ಹೊತ್ತು ಅಂತ?" ಎಂದರು ಶಾರದಮ್ಮ.

ದೇವತೆಗಳು ಅದೃಶ್ಯರು ಎಂಬುದಕ್ಕೆ ಆ ತಿಂಗಳು ಶಾಸ್ತ್ರಪ್ರಮಾಣ ಬೇಕಿರಲಿಲ್ಲ. ಎದುರಿನ ಟವರ್ ಬಿಯೇ ಅದೃಶ್ಯವಾಗಿತ್ತು. ಉಳಿದದ್ದು ಭಾಷೆಯ ಪ್ರಶ್ನೆ. ಉತ್ತರ ಪ್ರದೇಶಕ್ಕೆ ಹೋಗುವ ಸರ್ಕಾರಿ ಕಾಗದ ಹಿಂದಿಯಲ್ಲಿರಬೇಕೆಂಬುದು ನಿಯಮ. ಆಕಾಶಕ್ಕೂ ಅದು ಅನ್ವಯಿಸುತ್ತದೆಯೇ? ಅವರು ಇದನ್ನು ಊಟದ ಹೊತ್ತಿನಲ್ಲಿ ಮನೆಯವರ ಮುಂದಿಟ್ಟರು.

"ಅಪ್ಪಾ, ನಿಮ್ಮ ಹಿಂದಿ ಕೇಳಿದ್ರೆ ಅವರು ಓಡೇ ಹೋಗ್ತಾರೆ," ಎಂದಳು ಗಾನವಿ. "ಮೊನ್ನೆ ಸಬ್ಜಿವಾಲಾಗೆ 'ನಿಮ್ಮ ಬದನೆಕಾಯಿ ಬಂದಿದ್ದಾಳಾ' ಅಂತ ಕೇಳಿದ್ರಿ."

"ಭಾಷೆ ಏನು ಮಾಡ್ಬೇಕೋ?" ಎಂದರು ಶಾರದಮ್ಮ. "ನಾನೂ ಬೀಜೀನೂ ಯಾವ ಭಾಷೇಲಿ ಮಾತಾಡ್ತಿದ್ವಿ?"

ಕನ್ನಡವೆಂದು ತೀರ್ಮಾನವಾಯಿತು.

ಲಿಫ್ಟಿನಂಥ ದೊಡ್ಡ ವಿಷಯವನ್ನು ಮೊದಲೇ ಮಂಡಿಸುವುದು ಅನುಭವಿಗಳ ಲಕ್ಷಣವಲ್ಲ. ಮೊದಲು ಒಂದು ಸಣ್ಣ ಪ್ರಸ್ತಾವ ಕಳಿಸಿ ಕಚೇರಿಯ ಸ್ವಭಾವ ತಿಳಿಯಬೇಕು. ಟವರಿನಲ್ಲಿ ಮೂರು ದಿನದಿಂದ ನೀರು ಸಣ್ಣಗೆ ಬರುತ್ತಿತ್ತು. ಐದು ಮೂವತ್ತೈದಕ್ಕೆ ಬಾಲ್ಕನಿಯಲ್ಲಿ ನಿಂತು, ಮಂಕಿ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದು, "ನಮ್ಮ ಮನೆಗೆ ಚೆನ್ನಾಗಿ ನೀರು ಬರಲಿ," ಎಂದು ಸ್ಪಷ್ಟವಾಗಿ ಹೇಳಿದರು.

ಬೆಳಿಗ್ಗೆ ಅಡಿಗೆಮನೆಯ ಪೈಪು ಒಡೆದು ಮನೆಗೆ ಚೆನ್ನಾಗಿ ನೀರು ಬಂದಿತ್ತು. ಅಕ್ಕಿಯ ಡಬ್ಬ ಸೋಫಾದ ಪಕ್ಕಕ್ಕೆ ತೇಲಿತ್ತು.

ಶ್ರೀಲಕ್ಷ್ಮಿ ಸೀರೆ ಎತ್ತಿಕಟ್ಟಿ ನೀರು ಗೋರುತ್ತಿದ್ದಾಗ ವೆಂಕಟಸುಬ್ಬಯ್ಯನವರು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದರು. ಒಂದು: ದೇವತೆಗಳಿದ್ದಾರೆ. ಎರಡು: ಡ್ರಾಫ್ಟಿನಲ್ಲಿ ಪ್ರಮಾಣ ನಮೂದಿಸಿಲ್ಲ.

"ರೀ, ಆ ಪುಸ್ತಕದಲ್ಲಿ ಬಕೆಟ್ ಹಿಡಿಯೋದು ಹೇಗೆ ಅಂತ ಬರೆದಿದ್ಯಾ ನೋಡಿ," ಎಂದರು ಶ್ರೀಲಕ್ಷ್ಮಿ.

ಲಿಫ್ಟಿನ ಡ್ರಾಫ್ಟನ್ನು ಅವರು ಅಂದೇ ಆರಂಭಿಸಿದರು. ಆದರೆ ನೀರಿನ ಅನುಭವವಾದ ಮೇಲೆ ಪ್ರತಿಯೊಂದು ವಾಕ್ಯವೂ ಅಪಾಯಕಾರಿಯಾಗಿ ಕಾಣತೊಡಗಿತು. 'ಲಿಫ್ಟ್ ಓಡಲಿ' ಎಂದರೆ ಎಲ್ಲಿಗೆ ಓಡಲಿ? 'ಲಿಫ್ಟ್ ಕೆಳಗೆ ಬರಲಿ' ಎಂದರೆ ಎಷ್ಟು ವೇಗದಲ್ಲಿ? 'ಅಮ್ಮ ಆದಷ್ಟು ಬೇಗ ಕೆಳಗಿಳಿಯಲಿ' ಎಂದು ಬರೆದು, ನಾಲ್ಕು ಜನ ಹೊತ್ತುಕೊಂಡು ಇಳಿಸುವುದೂ ಇಳಿಯುವುದೇ ಎಂದು ಹೊಳೆದು, ಹಾಳೆಯನ್ನು ಹರಿದು, ಹರಿದ ತುಂಡುಗಳಿಗೂ ಬಿಡ್ತು ಎಂದರು. ಹನ್ನೊಂದು ಡ್ರಾಫ್ಟ್ ಆಯಿತು. ಒಂದೂ ಬಾಲ್ಕನಿಗೆ ಹೋಗಲಿಲ್ಲ. ಶಾರದಮ್ಮ ದಿನಾ ಐದಕ್ಕೆ ಹೊಗೆಗೆ ಕೈ ಬೀಸುತ್ತಲೇ ಇದ್ದರು.

ಇಷ್ಟರಲ್ಲಿ ಗುಟ್ಟು ಹೊರಬಿದ್ದಿತ್ತು. ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಚಡ್ಢಾ, ಸುಬ್ಬಯ್ಯಜೀ ಸಂಜೆ ಆಕಾಶಕ್ಕೆ ಏನೋ ಹೇಳಿದ್ದನ್ನೂ ಬೆಳಿಗ್ಗೆ ಅವರ ಮನೆಯ ನೀರು ತನ್ನ ಮನೆಗೆ ಬಂದದ್ದನ್ನೂ ಜೋಡಿಸಿ, ಗಾನವಿಯಿಂದ ಉಳಿದ ವಿವರ ಪಡೆದ. ಅಂದೇ ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರಕಟಣೆ ಬಂತು: ಸಿ-804ರ ಬಾಲ್ಕನಿಯಿಂದ ದೇವತಾ ಸಂಪರ್ಕ, ಸಂಜೆ 5.34, ಚಪ್ಪಲಿ ಹೊರಗೆ ಬಿಡಿ.

ಜನ ಬಂದರು. ಮಗನಿಗೆ ಕೆನಡಾ ವೀಸಾ ಬೇಕಾದವರು, ಮಗ ಕೆನಡಾದಿಂದ ವಾಪಸ್ ಬರಬೇಕಾದವರು, ಮೇಲಿನ ಮನೆಯ ಟ್ರೆಡ್‌ಮಿಲ್ ನಿಲ್ಲಬೇಕಾದವರು, ಮೇಲಿನ ಮನೆಯವರು. ಆದರೆ ಇವರೆಲ್ಲ ಬರಬೇಕಾದದ್ದು ಮೆಟ್ಟಿಲು ಹತ್ತಿ. ಎಂಟು ಮಹಡಿ ಹತ್ತಿ ಹೊಸ್ತಿಲು ತುಳಿದ ಯಾವ ಉತ್ತರ ಭಾರತೀಯನ ಬಾಯಲ್ಲೂ ಬರುವ ಮೊದಲ ಮಾತು ಒಂದೇ:

"ಹಾಯ್ ರಾಮ್, ಮರ್ ಗಯಾ!"

ಸತ್ತೆ ಎಂದು ಅರ್ಥ. ಅದೂ ಸರಿಯಾಗಿ ಐದು ಮೂವತ್ತನಾಲ್ಕಕ್ಕೆ.

ಶಾರದಮ್ಮನವರಿಗೆ ಅಷ್ಟು ಹಿಂದಿ ಬರುತ್ತಿತ್ತು. "ಅಯ್ಯೋ, ಬಿಡ್ತು ಅನ್ರೋ! ದೀಪ ಹಚ್ಚಿದೀನಿ, ಬಿಡ್ತು ಅನ್ರೋ!" ಎಂದು ಅವರು ದೇವರ ಗೂಡಿನ ಬಳಿಯಿಂದ ಓಡಿ ಬರುತ್ತಿದ್ದರು, ಮೊಣಕಾಲು ಬಿಟ್ಟಷ್ಟು. ಬಂದವರು ಅದನ್ನು ಮನೆಯ ಮಂತ್ರವೆಂದು ತಿಳಿದರು. ದಕ್ಷಿಣದವರ ಮನೆ, ಹಳೆಯ ಕಾಲದ ಅಮ್ಮಾಜೀ, ಎರಡೇ ಅಕ್ಷರಕ್ಕೆ ಒಂದು ಒತ್ತು. ಮಂತ್ರ ಇನ್ನು ಹೇಗಿರಬೇಕು? "ಬಿಡ್ ತೂ! ಬಿಡ್ ತೂ!" ಎಂದು ಹೇಳಿ, ತಮ್ಮ ಕಡೆಯ ಜೈಕಾರದ ರೂಢಿಯಂತೆ ಬಲಗೈಯನ್ನೂ ಮೇಲಕ್ಕೆತ್ತತೊಡಗಿದರು. ಎರಡು ವಾರದಲ್ಲಿ ಸೊಸೈಟಿಯ ಕಾವಲುಗಾರರೂ ಒಬ್ಬರಿಗೊಬ್ಬರು ಕೈ ಎತ್ತಿ ಬಿಡ್ ತೂ ಎನ್ನುತ್ತಿದ್ದರು.

"ಅಪ್ಪಾ, ಇವರಿಗೆ ನಿಜ ಹೇಳ್ಬಿಡೋಣ್ವಾ?" ಎಂದಳು ಗಾನವಿ.

"ಕೇಳಿದ್ರೆ ಹೇಳೋಣ," ಎಂದರು ವೆಂಕಟಸುಬ್ಬಯ್ಯ. ಯಾರೂ ಕೇಳಲಿಲ್ಲ.

ಡಿಸೆಂಬರಿನ ಮೊದಲ ವಾರ, ಲಿಫ್ಟ್ ರಿಪೇರಿಗೆ ಸೊಸೈಟಿ ಕರೆದಿದ್ದ ಟೆಂಡರಿಗೆ ಮೂರು ಬಿಡ್, ಎಂದರೆ ದರಪಟ್ಟಿ, ಬಂದವು. ಬಿಡ್ ಒನ್ ತ್ಯಾಗಿಯವರ ಭಾವಮೈದನದು. ಬಿಡ್ ಟೂ, ಟವರ್ ಎ ಮತ್ತು ಬಿಯ ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ ಕಂಪನಿಯದು. ಆ ಲಿಫ್ಟುಗಳು ನಾಚಿಕೆಯಿಲ್ಲದೆ ದಿನಾ ಓಡುತ್ತಿದ್ದವು. ಬಿಡ್ ತ್ರೀಗೆ ಸಹಿ ಇರಲಿಲ್ಲ.

ತ್ಯಾಗಿಯವರು ದಪ್ಪ ಮೀಸೆಯ, ಗಟ್ಟಿ ದನಿಯ ಮನುಷ್ಯ. ಮೂರು ಚುನಾವಣೆಯಲ್ಲಿ ಅವರ ವಿರುದ್ಧ ಯಾರೂ ನಿಂತಿರಲಿಲ್ಲ. ಈ ಸಲ ಜನ ಗೊಣಗುತ್ತಿದ್ದಾರೆಂದು ಗೊತ್ತಾಗಿ, ಅವರೇ ಎಂಟು ಮಹಡಿ ಹತ್ತಿ ಬಂದರು.

"ಮರ್ ಗ... ಬಿಡ್ ತೂ, ಬಿಡ್ ತೂ. ಸುಬ್ಬಯ್ಯಜೀ, ಶನಿವಾರದ ಮೀಟಿಂಗ್ ನಿಮ್ಮ ಮನೆಯಲ್ಲೇ. ಐದು ಮೂವತ್ತನಾಲ್ಕಕ್ಕೆ ನಾನು ಬಿಡ್ ಒನ್ ಪ್ರಸ್ತಾವ ಮಾಡ್ತೀನಿ. ಮೇಲಿನವರು ಒಪ್ಪಿದ ಮೇಲೆ ಕೆಳಗಿನವರದ್ದು ಏನು?"

ವೆಂಕಟಸುಬ್ಬಯ್ಯನವರ ಕಣ್ಣಮುಂದೆ ಒಂಬತ್ತು ದಿನ ಓಡಿದ ಲಿಫ್ಟ್ ಬಂತು. ಹೊಗೆಗೆ ಬೀಸುವ ಕೈ ಬಂತು. ಅವರು ಬಾಯಿ ತೆರೆದರು. "ಚಹಾ ತಗೋತೀರಾ?" ಎಂಬ ಮಾತು ಹೊರಗೆ ಬಂತು.

ತ್ಯಾಗಿಯವರು ಹೋದ ಮೇಲೆ ಒಂದು ಚೀಟಿಯಲ್ಲಿ 'ಬಿಡ್ ಒನ್ ಬಗ್ಗೆ ಮರುಪರಿಶೀಲನೆ ಮಾಡಬಹುದೇನೋ' ಎಂದು ಪೆನ್ಸಿಲಿನಿಂದ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಶನಿವಾರ ತ್ಯಾಗಿಯವರಲ್ಲದೆ ಇಪ್ಪತ್ತಮೂರು ಜನ ಬಂದರು. ಸೋಫಾದಲ್ಲಿ ಆರು, ದಿವಾನದಲ್ಲಿ ಐದು, ಉಳಿದವರು ಗೋಡೆಗೆ ಒರಗಿ. ಜಾಯಿಂಟ್ ಸೆಕ್ರೆಟರಿ ಮಿಸೆಸ್ ಅರೋರಾ, ಶಾಲೆಯೊಂದರ ವೈಸ್ ಪ್ರಿನ್ಸಿಪಾಲಾಗಿ ನಿವೃತ್ತರಾದವರು, ಡೈನಿಂಗ್ ಟೇಬಲ್ಲಿನ ತುದಿಯಲ್ಲಿ ಮಿನಿಟ್ಸ್ ಪುಸ್ತಕ ತೆರೆದು ಕೂತರು. ಶಾರದಮ್ಮ ಅವರ ಕೈ ಹಿಡಿದು "ಬೀಜಿ?" ಎಂದರು. ಮಿಸೆಸ್ ಅರೋರಾ ಬೆರಳಿನಿಂದ ಕೆಳಗೆ ತೋರಿಸಿ, ಆಮೇಲೆ ಅದೇ ಬೆರಳನ್ನು ಮೇಲೆ ತೋರಿಸಿ, ಕಣ್ಣಿನ ಕೆಳಗೆ ಒಂದು ಗೆರೆ ಎಳೆದರು. ಬೀಜಿ ಕೆಳಗೆ ಕೂತು ಮೇಲೆ ನೋಡಿ ಅಳುತ್ತಾರೆ ಎಂಬುದೆಲ್ಲ ಅಷ್ಟರಲ್ಲಿ ಇತ್ತು.

ಐದು ಮೂವತ್ತಮೂರಕ್ಕೆ ತ್ಯಾಗಿಯವರು ಗಡಿಯಾರ ನೋಡಿ ಎದ್ದರು.

"ಅಣ್ಣತಮ್ಮಂದಿರೇ, ಅಕ್ಕತಂಗಿಯರೇ! ಬಿಡ್ ಒನ್ ನನ್ನ ಭಾವಮೈದನದು ಅಂತ ಕೆಲವರು ಪಿಸುಗುಡ್ತಿದ್ದಾರೆ. ಹೌದು, ನನ್ನ ಭಾವಮೈದನೇ! ಹೊರಗಿನವನಾದ್ರೆ ಕೆಲಸ ಕೆಡಿಸಿ ಓಡಿಹೋಗ್ತಾನೆ. ಭಾವಮೈದ ಎಲ್ಲಿಗೆ ಓಡಿಹೋಗ್ತಾನೆ? ಮೂವತ್ತು ವರ್ಷದಿಂದ ನೋಡ್ತಿದೀನಿ, ಎಲ್ಲಿಗೂ ಹೋಗಿಲ್ಲ! ಗ್ಯಾರಂಟಿ ನನ್ನದು. ಅವನು ಮುಟ್ಟಿದ ಲಿಫ್ಟ್ ಇನ್ನೊಂದು ಸಲ ಕೆಟ್ಟರೆ..." ಇಲ್ಲಿ ಅವರು ಎದೆಗೆ ಗುದ್ದಿಕೊಂಡು ಗಡಿಯಾರ ನೋಡಿದರು. ಐದು ಮೂವತ್ತನಾಲ್ಕು. "...ಮೈ ಮರ್ ಜಾವೂಂ!"

ನಾನು ಸತ್ತೇ ಹೋಗಲಿ ಎಂಬ ಆ ಆಣೆ ಕೇಳಿ, ದೀಪ ಹಚ್ಚಿ ತಿರುಗಿದ ಶಾರದಮ್ಮ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಬೀಳಿಸಿದರು.

"ಅಯ್ಯಯ್ಯೋ! ಬಿಡ್ತು ಅನ್ನಪ್ಪಾ! ಬಿಡ್ತು!"

ಎರಡು ವಾರದ ಅಭ್ಯಾಸ. ಇಪ್ಪತ್ತಮೂರು ಬಲಗೈಗಳು ಒಟ್ಟಿಗೆ ಮೇಲೆದ್ದವು. "ಬಿಡ್ ತೂ! ಬಿಡ್ ತೂ!"

ಶಾರದಮ್ಮ ಒಪ್ಪಲಿಲ್ಲ. "ನೀವೆಲ್ಲ ಅಂದ್ರೆ ಏನು ಬಂತು? ಆಡಿದವನು ಅನ್ಬೇಕು!" ಎಂದು ತ್ಯಾಗಿಯವರ ಕೋಟಿನ ತೋಳು ಹಿಡಿದರು. "ಹೆಂಡ್ತಿ ಮಕ್ಕಳಿರೋನು ಕಣಪ್ಪಾ ನೀನು. ಅನ್ನು!"

"ಅಂಕಲ್, ಆಪ್ ಖುದ್ ಬೋಲಿಯೇ," ಎಂದು ಗಾನವಿ ಅನುವಾದಿಸಿದಳು. "ನೀವೇ ಹೇಳ್ಬೇಕು. ಇಲ್ಲದಿದ್ರೆ ಮೇಲೆ ಅಪ್ರೂವ್ ಆಗ್ಬಿಡತ್ತೆ."

ತ್ಯಾಗಿಯವರು ಗಡಿಯಾರ ನೋಡಿದರು, ಕಿಟಕಿಯಾಚೆ ಹೊಗೆಯನ್ನು ನೋಡಿದರು. ಮೀಸೆ ಸ್ವಲ್ಪ ಇಳಿಯಿತು. ಬಲಗೈ ಏರಿತು. "ಬಿಡ್ ತೂ," ಎಂದರು.

"ಬಿಡ್ ಟೂ," ಎಂದು ಮಿಸೆಸ್ ಅರೋರಾ ಬರೆದುಕೊಂಡರು. "ಪರವಾಗಿ ಇಪ್ಪತ್ತನಾಲ್ಕು, ಸೆಕ್ರೆಟರಿಯವರೂ ಸೇರಿ. ವಿರೋಧ?"

ಎತ್ತಿದ ಕೈಗಳು ಇನ್ನೂ ಕೆಳಗಿಳಿದಿರಲಿಲ್ಲ.

"ಮೇಡಂ!" ತ್ಯಾಗಿಯವರ ದನಿ ಮರಳಿತು. "ಅದು ಮಂತ್ರ! ಇವರ ಭಾಷೆಯ ಮಂತ್ರ!"

"ನನಗೆ ಇವರ ಭಾಷೆ ಬರಲ್ಲ ತ್ಯಾಗೀಜೀ. ನನಗೆ ಕೇಳಿಸಿದ್ದು ಇಂಗ್ಲಿಷ್." ಮಿಸೆಸ್ ಅರೋರಾ ಕನ್ನಡಕದ ಮೇಲಿನಿಂದ ನೋಡಿದರು. ಆ ನೋಟಕ್ಕೆ ಹಿಂದೆ ಸಾವಿರದ ಇನ್ನೂರು ಹುಡುಗರು ಹೆದರಿದ್ದರು. "ಬೇಕಿದ್ದರೆ ನೀವು ಹೇಳಿದ್ದನ್ನ ವಾಪಸ್ ತಗೊಳ್ಳಿ. ಅದನ್ನೂ ಬರೀತೀನಿ."

"ತಗೊಂಡೆ! ವಾಪಸ್..."

"ಒಂದು ನಿಮಿಷ," ಎಂದ ಚಡ್ಢಾ ಗಾಬರಿಯಿಂದ. "ಅದನ್ನ ವಾಪಸ್ ತಗೊಂಡ್ರೆ ಅದಕ್ಕೆ ಮುಂಚೆ ಅಂದಿದ್ದು ನಿಂತ್ಕೊಳಲ್ವಾ? ಮರ್ ಜಾವೂಂ?"

ತ್ಯಾಗಿಯವರು ಬಾಯಿ ತೆರೆದವರು ಹಾಗೇ ನಿಂತರು. ಐದು ಮೂವತ್ತೇಳು. ದೇವತೆಗಳು ಹೊರಡಲು ಇನ್ನೊಂದು ನಿಮಿಷ. ಇಪ್ಪತ್ತನಾಲ್ಕು ಜೊತೆ ಕಣ್ಣುಗಳು, ಈ ವಿಷಯದಲ್ಲಿ ಸಮರ್ಥ ಅಧಿಕಾರಿ ಯಾರೋ ಅವರ ಕಡೆಗೆ ತಿರುಗಿದವು.

ವೆಂಕಟಸುಬ್ಬಯ್ಯನವರ ಕೈ ಜೇಬಿನ ಚೀಟಿಯ ಕಡೆಗೆ ಹೋಯಿತು. ಅಂಚಿನಲ್ಲಿ ಬರೆಯಲು ಇಲ್ಲಿ ಫೈಲು ಇರಲಿಲ್ಲ. ದೇವರ ಗೂಡಿನ ಬಳಿ ತಾಯಿ ನೆಲದಲ್ಲಿ ಚೆಲ್ಲಿದ ಬೆಂಕಿಕಡ್ಡಿಗಳನ್ನು ಬಗ್ಗಿ ಹೆಕ್ಕಲಾಗದೆ ನಿಂತಿದ್ದರು.

"ನಿಯಮದ ಪ್ರಕಾರ," ಎಂದರು ವೆಂಕಟಸುಬ್ಬಯ್ಯ. ದನಿ ಅವರಿಗೇ ಹೊಸದಾಗಿತ್ತು. "ಎರಡನೆಯ ಮಾತು ರದ್ದಾದರೆ ಮೊದಲನೆಯ ಮಾತು ಊರ್ಜಿತ. ತಕ್ಷಣದಿಂದ ಜಾರಿ."

ತ್ಯಾಗಿಯವರು ದಿವಾನದ ತುದಿಯಲ್ಲಿ ಕೂತರು. "ಬಿಡ್ ಟೂ," ಎಂದರು. ಈ ಸಲ ಅದು ಇಂಗ್ಲಿಷೇ ಆಗಿತ್ತು.

ಸಂಕ್ರಾಂತಿಗೆ ಎರಡು ದಿನ ಮುಂಚೆ ಕುರ್ಚಿ ತೆಗೆದರು. ಶಾರದಮ್ಮ ಐದು ಗಂಟೆಗೇ ಶಾಲು ಹೊದ್ದು ಕೂತಿದ್ದರು. ಆದರೆ ಕಂಪನಿಯವನು ಕೊನೆಯ ಸ್ಕ್ರೂ ತಿರುಗಿಸಿ, ರಿಬ್ಬನ್ ಕಟ್ಟಿ, ತ್ಯಾಗಿಯವರಿಂದಲೇ ಅದನ್ನು ಕತ್ತರಿಸಿ, ಅವರಿಂದ ಭಾಷಣ ಮಾಡಿಸಿ ಮುಗಿಸುವ ಹೊತ್ತಿಗೆ ಐದೂ ಮುಕ್ಕಾಲು ಕಳೆದಿತ್ತು. ಶಾರದಮ್ಮ, ಮಗ, ಮೊಮ್ಮಗಳು ಎಂಟನೆಯ ಮಹಡಿಯಲ್ಲಿ ಲಿಫ್ಟ್ ಹತ್ತಿದರು. ಬಾಗಿಲು ಮುಚ್ಚಿತು. ಏಳು, ಆರು, ಐದು ಎಂದು ಕೆಂಪು ಅಂಕಿಗಳು ಬದಲಾದವು. ಐದಕ್ಕೂ ನಾಲ್ಕಕ್ಕೂ ನಡುವೆ ಲಿಫ್ಟ್ ನಿಂತಿತು. ದೀಪ ಒಮ್ಮೆ ಮಿಟುಕಿತು.

ಹೊಸ ಲೆಕ್ಕದಂತೆ ಆ ವಾರ ದೇವತೆಗಳ ಹೊತ್ತು ಐದು ಐವತ್ತು. ವೆಂಕಟಸುಬ್ಬಯ್ಯನವರ ಗಡಿಯಾರದಲ್ಲೂ ಐದು ಐವತ್ತು.

"ಅಯ್ಯೋ, ಕೆಟ್ಟು..."

ಶಾರದಮ್ಮನವರ ಅಂಗೈ ಮಗನ ಬಾಯಿಯ ಮೇಲೆ ಬಂದು ಕೂತಿತು. ಅದಕ್ಕೆ ದೀಪದ ಎಣ್ಣೆಯ ವಾಸನೆ ಇತ್ತು. ಅವರು ತಾವೂ ಏನೂ ಹೇಳಲಿಲ್ಲ. ಬಿಡ್ತು ಎಂದು ಕೂಡ ಹೇಳಲಿಲ್ಲ. ಗಾನವಿ ಏನೋ ಕೇಳಹೋಗಿ, ಅಜ್ಜಿಯ ಮುಖ ನೋಡಿ, ತನ್ನ ಬಾಯಿಗೆ ತಾನೇ ಕೈ ಇಟ್ಟುಕೊಂಡಳು. ನಾಲ್ಕೂವರೆ ಮಹಡಿಯಲ್ಲಿ ಮೂವರು ಹಾಗೇ ನಿಂತಿದ್ದರು. ಆಶ್ಚರ್ಯವೆಂದರೆ ವೆಂಕಟಸುಬ್ಬಯ್ಯನವರ ಮನಸ್ಸಿನಲ್ಲಿ ಯಾವ ಡ್ರಾಫ್ಟೂ ಇರಲಿಲ್ಲ.

ಆಮೇಲೆ ಲಿಫ್ಟ್ ತನ್ನದೇ ಯಾವುದೋ ಕಾರಣಕ್ಕೆ ಮತ್ತೆ ಹೊರಟಿತು.

ಬೆಂಚಿನಲ್ಲಿ ಬೀಜಿ ಇದ್ದರು. ಬೆಳಕು ಹೋಗುತ್ತಿದ್ದರೂ ಎದ್ದು ಹೋಗಿರಲಿಲ್ಲ. ಶಾರದಮ್ಮ ಹೋಗಿ ಪಕ್ಕದಲ್ಲಿ ಕೂತರು. ಬೀಜಿ ಏನೋ ಹೇಳಲು ಬಾಯಿ ತೆರೆದರು. ಶಾರದಮ್ಮ ತುಟಿಯ ಮೇಲೆ ಬೆರಳಿಟ್ಟು, ಅದೇ ಬೆರಳಿನಿಂದ ಮೇಲೆ ತೋರಿಸಿದರು. ಬೀಜಿ ಮೇಲೆ ನೋಡಿದರು. ಅಲ್ಲಿ ಹೊಗೆ ಬಿಟ್ಟು ಏನೂ ಇರಲಿಲ್ಲ. ಗೊತ್ತಾಯಿತೆಂಬಂತೆ ತಲೆದೂಗಿ, ಶಾಲಿನ ಅರ್ಧವನ್ನು ಗೆಳತಿಯ ಮೊಣಕಾಲಿನ ಮೇಲೆ ಹಾಕಿದರು. ನಾಲ್ಕು ನಿಮಿಷ ಇಬ್ಬರೂ ಸುಮ್ಮನಿದ್ದರು. ಐದನೆಯ ನಿಮಿಷ ಇಬ್ಬರೂ ಒಟ್ಟಿಗೆ ಶುರುಮಾಡಿದರು, ಮೂರು ತಿಂಗಳ ಬಾಕಿ ಮಾತು, ಎರಡು ಭಾಷೆಯಲ್ಲಿ.

ವೆಂಕಟಸುಬ್ಬಯ್ಯನವರು ಮನೆಗೆ ಬಂದು ಗ್ರಂಥ ತೆಗೆದರು. ಇಪ್ಪತ್ತೊಂದನೆಯ ಪುಟದ ನೆತ್ತಿಯಲ್ಲಿ, 'ಇದೊಂದನ್ನು ಪಾಲಿಸಿದವನಿಗೆ' ಎಂಬ ಸಾಲಿನ ಮೇಲಿದ್ದ ಖಾಲಿ ಜಾಗದಲ್ಲಿ, ಪೆನ್ಸಿಲಿನಿಂದ ಸಣ್ಣಗೆ ಬರೆದರು: 'ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು. ಪರಿಶೀಲಿಸಲಾಗಿದೆ. ಅನುಮೋದನೆಗಾಗಿ ಮೇಲಕ್ಕೆ ಸಲ್ಲಿಸಿದೆ.'

ಈ ಸಲ ಯಾರೂ ಅದನ್ನು ಅಳಿಸಲಿಲ್ಲ.